ಮನಸ್ಸಿನ ಕಾಯಿಲೆ ಪಾಪದ ಶಿಕ್ಷೆಯಲ್ಲ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಭಾಷಣದ ಬರಹರೂಪ)



ರಕ್ತಹೀನತೆ, ಸಕ್ಕರೆ ಕಾಯಿಲೆ, ಗರ್ಭಕೋಶದ ತೊಂದರೆ ಇವುಗಳ ಬಗ್ಗೆ ನಮ್ಮ ಸಂಘಗಳಲ್ಲಿ ಈಗ ಮುಚ್ಚುಮರೆ ಇಲ್ಲದೆ ಮಾತು ನಡೆಯುತ್ತದೆ. "ನನಗೆ ಬಿಪಿ ಇದೆ" ಅಂತ ಹೇಳಲು ಯಾರೂ ನಾಚಿಕೊಳ್ಳುವುದಿಲ್ಲ. ಆದರೆ "ನನ್ನ ಮನಸ್ಸು ಸರಿ ಇಲ್ಲ, ಮಾತ್ರೆ ತಗೊಳ್ತಾ ಇದ್ದೀನಿ" ಅಂತ ಹೇಳಲು ಬಾಯಿ ಬರುವುದಿಲ್ಲ. ಹೇಳಿದರೆ ಜನ ಏನಂತಾರೆ? "ಯಾವ ಜನ್ಮದ ಪಾಪವೋ", "ಆ ಮನೆತನಕ್ಕೇ ಶಾಪ ಇದೆ", "ಗಾಳಿ ಸೋಕಿದೆ", "ದೇವರಲ್ಲಿ ಭಕ್ತಿ ಇದ್ದಿದ್ರೆ ಹೀಗಾಗ್ತಿತ್ತಾ?" ಈ ಮಾತುಗಳನ್ನು ನಾವೆಲ್ಲರೂ ಕೇಳಿದ್ದೇವೆ. ಹೆಣ್ಣುಮಗಳಿಗೆ ಕಾಯಿಲೆಯ ಭಾರ ಒಂದು ಕಡೆ, ಈ ಮಾತಿನ ಭಾರ ಇನ್ನೊಂದು ಕಡೆ. ಎಷ್ಟೋ ಸಲ ಎರಡನೆಯದೇ ಹೆಚ್ಚು ಭಾರ.

ಅದಕ್ಕಾಗಿ ಇವತ್ತು ಕ್ರೈಸ್ತ ವಿಶ್ವಾಸದ ಬೆಳಕಿನಲ್ಲಿ ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ನೋಡೋಣ: ಮನಸ್ಸಿನ ಕಾಯಿಲೆ ಅಂದರೆ ಏನು, ಪಾಪ ಅಂದರೆ ಏನು, ಆಧ್ಯಾತ್ಮಿಕ ಬೆಳವಣಿಗೆ ಅಂದರೆ ಏನು. ಈ ಮೂರನ್ನೂ ಕಲಸಿಬಿಟ್ಟರೆ ಮನೆ ಹಾಳಾಗುತ್ತದೆ, ಕೆಲವು ಸಲ ಜೀವವೇ ಹೋಗುತ್ತದೆ. ನಮ್ಮ ಸಂಘಗಳಲ್ಲಿ ಹಿಂದೂ, ಮುಸ್ಲಿಂ ಸಹೋದರಿಯರೂ ಇದ್ದಾರೆ. ಬೈಬಲ್ಲಿನ ಮಾತು ಬಂದಾಗ ಇದು ನಮಗಲ್ಲ ಅಂದುಕೊಳ್ಳಬೇಡಿ. ಕಾಯಿಲೆಗೆ ಜಾತಿ ಧರ್ಮ ಇಲ್ಲ. ಕಾಯಿಲೆಯವರನ್ನು ದೂಷಿಸುವ ಚಾಳಿಯೂ ಎಲ್ಲ ಧರ್ಮದವರಲ್ಲಿ ಇದೆ.

ಇದು ಎಷ್ಟು ಮಂದಿಯ ಕಷ್ಟ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಹನ್ನೆರಡು ರಾಜ್ಯಗಳಲ್ಲಿ ನಡೆದ ಆ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಲೆಕ್ಕ ಹಾಕಿ ನೋಡಿ. ಇಪ್ಪತ್ತು ಮಂದಿಯ ಸಂಘದಲ್ಲಿ ಸರಾಸರಿ ಇಬ್ಬರು. ಉಳಿತಾಯದ ಪುಸ್ತಕ ಬಿಚ್ಚಿ ಕೂತಾಗ ನಮ್ಮ ಪಕ್ಕದಲ್ಲೇ ಚಾಪೆಯ ಮೇಲೆ ಕೂತವರು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಗುತ್ತಿಲ್ಲ ಅಂತಲೂ ಅದೇ ಸಮೀಕ್ಷೆ ಹೇಳಿತು.

ಮನಸ್ಸಿನ ಕಾಯಿಲೆ ಅಂದ ಕೂಡಲೇ ಬಟ್ಟೆ ಹರಿದುಕೊಂಡು ಬೀದಿಯಲ್ಲಿ ಅಲೆಯುವವರ ಚಿತ್ರ ಕಣ್ಣಿಗೆ ಬರುತ್ತದೆ. ಅಂಥವರು ತೀರ ಕಡಿಮೆ. ಹೆಚ್ಚಾಗಿ ಇರುವುದು ಖಿನ್ನತೆ ಮತ್ತು ಆತಂಕ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವಿಡೀ ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಊಟ ಕೆಡುವುದು, ಮೈಯಲ್ಲಿ ತ್ರಾಣ ಇಲ್ಲದಿರುವುದು, ಯೋಗ್ಯತೆ ಇಲ್ಲದವಳು ಅಂತ ತನ್ನನ್ನೇ ಹಳಿದುಕೊಳ್ಳುವುದು, ಸಾಯುವ ಯೋಚನೆ ಬರುವುದು ಖಿನ್ನತೆಯ ಲಕ್ಷಣಗಳು. ನಮ್ಮ ಹೆಂಗಸರಲ್ಲಿ ಇದು ಮೊದಲು ಮೈಯಲ್ಲೇ ಕಾಣಿಸಿಕೊಳ್ಳುವುದುಂಟು: ತಲೆನೋವು, ಎದೆ ಉರಿ, ಕೈಕಾಲು ಸೆಳೆತ. ಎಷ್ಟು ಪರೀಕ್ಷೆ ಮಾಡಿಸಿದರೂ ರಿಪೋರ್ಟ್ ಸರಿಯಾಗಿಯೇ ಇರುತ್ತದೆ. ಆಗ ಮನೆಯವರು "ಎಲ್ಲಾ ನಾಟಕ" ಅಂದುಬಿಡುತ್ತಾರೆ.

ಇನ್ನು ಕೆಲವರಿಗೆ ಯಾರೂ ಮಾತಾಡದೆ ಇದ್ದರೂ ಮಾತು ಕೇಳಿಸುತ್ತದೆ, ಊಟಕ್ಕೆ ವಿಷ ಹಾಕಿದ್ದಾರೆ ಅನ್ನೋ ಬಲವಾದ ಸಂಶಯ ಇರುತ್ತದೆ. ಇದು ಚಿತ್ತವಿಕಲತೆಯಂಥ ತೀವ್ರ ಕಾಯಿಲೆ ಇರಬಹುದು. ಕೆಲವು ಬಾಣಂತಿಯರಿಗೆ ಹೆರಿಗೆಯಾದ ಮೊದಲ ವಾರಗಳಲ್ಲೇ ಗೊಂದಲ, ನಿದ್ದೆ ಇಲ್ಲದಿರುವುದು, ಏನೇನೋ ಮಾತಾಡುವುದು ಶುರುವಾಗುತ್ತದೆ. ನಮ್ಮ ಹಿರಿಯರು ಇದನ್ನು ಬಾಣಂತಿ ಸನ್ನಿ ಅಂತ ಕರೆದರು. ಇದು ತುರ್ತಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದ ಕಾಯಿಲೆ. ತಾಯಿಯ ಜೀವಕ್ಕೂ ಮಗುವಿನ ಜೀವಕ್ಕೂ ಅಪಾಯ ಇರುತ್ತದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೆನ್ನಾಗಿ ಗುಣವಾಗುತ್ತಾರೆ.

ಈ ಕಾಯಿಲೆಗಳಿಗೆ ಒಂದೇ ಕಾರಣ ಅಂತ ಇಲ್ಲ. ಮಿದುಳಿನ ಕೆಲಸದಲ್ಲಿ ಏರುಪೇರು, ವಂಶದಿಂದ ಬರುವ ಸಾಧ್ಯತೆ, ಹೆರಿಗೆ, ಥೈರಾಯ್ಡ್‌ನಂಥ ದೇಹದ ಕಾಯಿಲೆ, ಸಾವು ನೋವು, ಸಾಲ, ಹೊಡೆತ ಬಡಿತ, ಕುಡಿತ ಹೀಗೆ ಹಲವು ಸೇರಿ ಕಾಯಿಲೆ ಆಗುತ್ತದೆ. ಈ ಪಟ್ಟಿಯಲ್ಲಿ ದೇವರ ಶಾಪ ಎಲ್ಲೂ ಇಲ್ಲ.

"ಯಾರು ಮಾಡಿದ ಪಾಪ?"

ಈ ಪ್ರಶ್ನೆ ಹೊಸದಲ್ಲ. ಯೇಸುವಿನ ಶಿಷ್ಯರೇ ಇದನ್ನು ಕೇಳಿದರು. ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯ ಓದಿ. ದಾರಿಯಲ್ಲಿ ಹುಟ್ಟುಕುರುಡನೊಬ್ಬ ಸಿಕ್ಕಿದ. ಶಿಷ್ಯರು ಅವನ ಕಷ್ಟ ವಿಚಾರಿಸಲಿಲ್ಲ. ಪಾಪ ಮಾಡಿದವನು ಇವನೋ, ಇವನ ಹೆತ್ತವರೋ ಅಂತ ವಾದಕ್ಕೆ ನಿಂತರು. ಯೇಸು ಎರಡನ್ನೂ ಒಪ್ಪಲಿಲ್ಲ. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದರು. ಮತ್ತೆ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ ಕೊಳದಲ್ಲಿ ತೊಳೆಯಲು ಕಳಿಸಿದರು. ಶಿಷ್ಯರು ಕಾರಣ ಹುಡುಕುತ್ತಿದ್ದರು, ಯೇಸು ಕೆಲಸಕ್ಕೆ ಕೈ ಹಾಕಿದರು.

ಹಳೆಯ ಒಡಂಬಡಿಕೆಯ ಯೋಬನ ಕಥೆಯೂ ಇದೇ. ಅವನು ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತಿದ್ದಾಗ ಸ್ನೇಹಿತರು ಬಂದರು. ಏಳು ದಿನ ಅವನ ಜೊತೆ ಮೌನವಾಗಿ ಕೂತರು. ಅದು ಒಳ್ಳೆಯ ಕೆಲಸ. ಆಮೇಲೆ ಬಾಯಿ ತೆರೆದು "ನೀನು ಏನೋ ಪಾಪ ಮಾಡಿರಲೇಬೇಕು" ಅನ್ನುವ ಅರ್ಥದಲ್ಲಿ ಉಪದೇಶ ಶುರುಮಾಡಿದರು. ಗ್ರಂಥದ ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಯಾರ ಮೇಲೆ? ಈ ಸ್ನೇಹಿತರ ಮೇಲೆ. ಕಷ್ಟದಲ್ಲಿ ಗೋಳಾಡಿದ, ದೇವರನ್ನೇ ಪ್ರಶ್ನಿಸಿದ ಯೋಬನ ಮೇಲೆ ಅಲ್ಲ. ಕಾಯಿಲೆಯವರ ಮನೆಗೆ ಹೋಗುವಾಗ ನಾವು ಆ ಏಳು ದಿನದ ಸ್ನೇಹಿತರಾಗಬೇಕು, ಎಂಟನೇ ದಿನದವರಾಗಬಾರದು.

"ಬೈಬಲ್ಲಿನಲ್ಲೇ ದೆವ್ವದ ವಿಷಯ ಇದೆಯಲ್ಲ?"

ಹೌದು, ಇದೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಮತ್ತಾಯನ ಶುಭಸಂದೇಶದ 4ನೇ ಅಧ್ಯಾಯದ ಕೊನೆಯನ್ನು ಗಮನಿಸಿ. ಯೇಸುವಿನ ಬಳಿಗೆ ಕರೆತಂದವರ ಪಟ್ಟಿಯಲ್ಲಿ ದೆವ್ವ ಹಿಡಿದವರು ಬೇರೆ, ಮೂರ್ಛೆರೋಗಿಗಳು ಬೇರೆ, ಪಾರ್ಶ್ವವಾಯು ಪೀಡಿತರು ಬೇರೆ. ಎಲ್ಲ ಕಾಯಿಲೆಯನ್ನೂ ದೆವ್ವದ ತಲೆಗೆ ಕಟ್ಟಬಾರದು ಅನ್ನುವುದು ಅಷ್ಟು ಹಿಂದೆಯೇ ಗೊತ್ತಿತ್ತು.

ಕಥೋಲಿಕ ಧರ್ಮಸಭೆಯ ನಿಲುವು ಇನ್ನೂ ಖಚಿತ. 1992ರಲ್ಲಿ ಹೊರಬಂದ ಧರ್ಮಸಭೆಯ ಸತ್ಯೋಪದೇಶ ಗ್ರಂಥವು ಕಾಯಿಲೆ, ಅದರಲ್ಲೂ ಮಾನಸಿಕ ಕಾಯಿಲೆ, ದೆವ್ವದ ಬಾಧೆಗಿಂತ ತೀರ ಬೇರೆ ವಿಷಯ, ಅದಕ್ಕೆ ಚಿಕಿತ್ಸೆ ಕೊಡುವುದು ವೈದ್ಯಶಾಸ್ತ್ರದ ಕೆಲಸ ಎಂದು ಕಲಿಸುತ್ತದೆ. ದೆವ್ವ ಬಿಡಿಸುವ ಧರ್ಮಸಭೆಯ ವಿಧಿಯನ್ನು ಬಿಷಪರ ಅನುಮತಿ ಪಡೆದ ಗುರುಗಳು ಮಾತ್ರ ಮಾಡಬಹುದು. ಅದಕ್ಕೂ ಮೊದಲು ಇದು ಕಾಯಿಲೆ ಅಲ್ಲವೇ ಎಂದು ಖಚಿತಪಡಿಸಿಕೊಳ್ಳಬೇಕು. ಹಾಗಾಗಿ ದೆವ್ವ ಬಿಡಿಸ್ತೀನಿ ಅಂತ ಹೊಡೆಯುವವರು, ಉಪವಾಸ ಕೆಡವುವವರು, ಕೂದಲು ಎಳೆಯುವವರು, ಬರೆ ಹಾಕುವವರು ಯಾವ ಧರ್ಮದ ಹೆಸರು ಹೇಳಿದರೂ ನಂಬಬೇಡಿ. ಸಾವಿರಗಟ್ಟಲೆ ಹಣ ಕೇಳಿದರಂತೂ ಅಲ್ಲಿಂದ ಎದ್ದು ಬನ್ನಿ.

ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಸಮಾಧಿಗಳ ನಡುವೆ ಅಲೆಯುತ್ತಿದ್ದ ಮನುಷ್ಯನ ಕಥೆ ಇದೆ. ಅವನನ್ನು ಸರಪಳಿ ಬೇಡಿಗಳಿಂದ ಕಟ್ಟಿಹಾಕಿ ನೋಡಿದ್ದರು. ಯೇಸು ಅವನ ಹೆಸರು ಕೇಳಿದರು. ಕೊನೆಯಲ್ಲಿ ಅವನು ಬಟ್ಟೆ ತೊಟ್ಟು, ಸ್ವಸ್ಥಬುದ್ಧಿಯಿಂದ ಕೂತಿದ್ದ. ಯೇಸು ಅವನನ್ನು ಎಲ್ಲಿಗೆ ಕಳಿಸಿದರು? ಮನೆಗೆ, ಅವನ ಸ್ವಂತ ಜನರ ಬಳಿಗೆ. ನಮ್ಮ ಗುರಿಯೂ ಅದೇ ಆಗಬೇಕು: ಬಟ್ಟೆ, ಮಾತು, ಮನೆ, ಬಂಧುಬಳಗ.

ಪಾಪ ಯಾವುದು, ಕಾಯಿಲೆ ಯಾವುದು?

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸೋಣ. "ಹಾಗಾದ್ರೆ ಪಾಪ ಅನ್ನೋದೇ ಇಲ್ವಾ? ಎಲ್ಲಾ ಕಾಯಿಲೆ ಅಂದುಬಿಟ್ರೆ ಆಯ್ತಾ?" ಅಂತ ಕೆಲವರು ಕೇಳುತ್ತಾರೆ. ಪಾಪ ಇದೆ. ಆದರೆ ಪಾಪಕ್ಕೆ ಮನಸ್ಸಿನ ಒಪ್ಪಿಗೆ ಬೇಕು. ಘೋರ ಪಾಪ ಎನಿಸಿಕೊಳ್ಳಲು ಮೂರು ಸಂಗತಿ ಇರಬೇಕು ಎಂದು ಧರ್ಮಸಭೆ ಕಲಿಸುತ್ತದೆ: ವಿಷಯ ಗಂಭೀರವಾಗಿರಬೇಕು, ತಪ್ಪು ಎಂಬ ಪೂರ್ಣ ಅರಿವಿರಬೇಕು, ಸ್ವಇಚ್ಛೆಯಿಂದ ಮಾಡಿರಬೇಕು. ಕಾಯಿಲೆಯ ಹೊತ್ತಿನಲ್ಲಿ ಅರಿವು, ಸ್ವಇಚ್ಛೆ ಎರಡೂ ಕುಗ್ಗುತ್ತವೆ. ಜ್ವರ ನೆತ್ತಿಗೇರಿದವಳು ಬೈದರೆ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಲ್ವಾ? ಇದೂ ಹಾಗೆಯೇ.

ಖಿನ್ನತೆಯಲ್ಲಿ ಇನ್ನೊಂದು ತೊಡಕು ಇದೆ. ಆ ಕಾಯಿಲೆ ತಾನೇ ತಪ್ಪಿತಸ್ಥ ಭಾವನೆಯನ್ನು ಹುಟ್ಟಿಸುತ್ತದೆ. "ನಾನು ಮಹಾಪಾಪಿ, ದೇವರು ನನ್ನನ್ನು ಕೈಬಿಟ್ಟಿದ್ದಾರೆ" ಅಂತ ಆಕೆ ಅಳುವಾಗ ಅದು ಎಷ್ಟೋ ಸಲ ಪಶ್ಚಾತ್ತಾಪ ಆಗಿರುವುದಿಲ್ಲ, ಕೆಮ್ಮು ಕ್ಷಯದ ಲಕ್ಷಣ ಆಗಿರುವಂತೆ ಕಾಯಿಲೆಯ ಲಕ್ಷಣ ಆಗಿರುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ?

ನಿಜವಾದ ಪಶ್ಚಾತ್ತಾಪಕ್ಕೆ ಒಂದು ನಿರ್ದಿಷ್ಟ ಕಾರಣ ಇರುತ್ತದೆ. ನೆರೆಯವಳ ಮೇಲೆ ಸುಳ್ಳು ಹೇಳಿದೆ, ಸಂಘದ ಹಣ ಮನೆಗೆ ಬಳಸಿಕೊಂಡೆ ಅಂತ ಬೆರಳಿಟ್ಟು ತೋರಿಸಬಹುದು. ಅದಕ್ಕೆ ದಾರಿಯೂ ಇರುತ್ತದೆ: ಹೋಗಿ ಕ್ಷಮೆ ಕೇಳಬಹುದು, ಹಣ ತಿರುಗಿ ಕಟ್ಟಬಹುದು. ಪಾಪನಿವೇದನೆ ಮಾಡಿದ ಮೇಲೆ ಎದೆ ಹಗುರವಾಗುತ್ತದೆ. ಕಾಯಿಲೆಯ ಅಪರಾಧಭಾವ ಹಾಗಲ್ಲ. ಅದಕ್ಕೆ ಕಾರಣವೇ ಇರುವುದಿಲ್ಲ, ಇಲ್ಲವೇ ಸಾಸಿವೆಯಷ್ಟು ಕಾರಣಕ್ಕೆ ಬೆಟ್ಟದಷ್ಟು ದುಃಖ. ಹತ್ತು ಸಲ ಪಾಪನಿವೇದನೆ ಮಾಡಿದರೂ ಹನ್ನೊಂದನೆಯ ಸಲ ಹೋಗಬೇಕು ಅನ್ನಿಸುತ್ತದೆ. ಪಶ್ಚಾತ್ತಾಪ ಮನುಷ್ಯರನ್ನು ಎಬ್ಬಿಸಿ ನಡೆಸುತ್ತದೆ. ಕಾಯಿಲೆ ಮೂಲೆಗೆ ತಳ್ಳುತ್ತದೆ.

ಇದು ಸಂತರಿಗೂ ಬಂದ ಕಷ್ಟ. ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲದ ಸಂತ ಇಗ್ನಾಸಿಯವರು 1522ರಲ್ಲಿ ಸ್ಪೇನಿನ ಮನ್ರೇಸ ಎಂಬ ಊರಿನಲ್ಲಿದ್ದಾಗ ಇಂಥ ಪಾಪಭೀತಿಯ ಗೀಳಿಗೆ ಸಿಕ್ಕಿಬಿದ್ದರು. ಜೀವನದ ಎಲ್ಲ ಪಾಪಗಳನ್ನೂ ಬರೆದು ಮೂರು ದಿನ ಪಾಪನಿವೇದನೆ ಮಾಡಿದ್ದರು. ಆದರೂ ಏನೋ ಬಿಟ್ಟುಹೋಯಿತು ಅನ್ನುವ ಸಂಶಯ ಬಿಡಲಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆ ಕೂಡ ಬಂತು. ಒಂದು ವಾರ ಊಟ ಬಿಟ್ಟರು. ಪಾಪನಿವೇದನೆ ಕೇಳುತ್ತಿದ್ದ ಗುರುಗಳು "ಮೊದಲು ಊಟ ಮಾಡು" ಎಂದು ಆಜ್ಞೆ ಮಾಡಿದರು. ಕೊನೆಗೆ ಹಳೆಯ ಪಾಪಗಳನ್ನು ಮತ್ತೆ ಮತ್ತೆ ಕೆದಕುವುದು ದೇವರಿಂದ ಬಂದದ್ದಲ್ಲ ಎಂದು ಅರಿತು ಅದನ್ನು ನಿಲ್ಲಿಸಿದರು. ಮುಂದೆ ತಾವು ಬರೆದ ಆಧ್ಯಾತ್ಮಿಕ ಸಾಧನೆಯ ಪುಸ್ತಕದಲ್ಲಿ ಇಂಥ ಗೀಳಿನ ಬಗ್ಗೆ ಸೂಚನೆಗಳನ್ನೇ ಬರೆದಿಟ್ಟರು. ಈಗ ಇಂಥ ಗೀಳಿಗೆ ವೈದ್ಯರ ಬಳಿ ಚಿಕಿತ್ಸೆಯೂ ಇದೆ.

ಹಾಗಾದರೆ ಕಾಯಿಲೆಯ ಸುತ್ತ ಪಾಪ ಎಲ್ಲಿರುತ್ತದೆ? ಎಷ್ಟೋ ಸಲ ಕಾಯಿಲೆಯವರಲ್ಲಿ ಅಲ್ಲ, ಸುತ್ತಲಿನವರಲ್ಲಿ. ಕುಡಿದು ಬಂದು ಹೆಂಡತಿಯನ್ನು ಹೊಡೆಯುವುದು ಪಾಪ. "ಹುಚ್ಚಿ" ಅಂತ ತವರಿಗೆ ಅಟ್ಟುವುದು ಪಾಪ. ಮಾತ್ರೆಗೆ ಕೊಡಬೇಕಾದ ದುಡ್ಡನ್ನು ಕುಡಿಯಲು ಬಳಸುವುದು ಪಾಪ. ನೀರು ಹಿಡಿಯುವ ಸಾಲಿನಲ್ಲಿ ನಿಂತು ಅವಳ ಬಗ್ಗೆ ಆಡಿಕೊಳ್ಳುವುದೂ ಪಾಪವೇ.

ಕಟ್ಟಿಹಾಕುವುದಂತೂ ಘೋರ ಅನ್ಯಾಯ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿ ಎಂಬ ಊರಿನ ಒಂದು ಖಾಸಗಿ ವಸತಿಗೃಹದಲ್ಲಿ ಬೆಂಕಿ ಬಿತ್ತು. ಅಲ್ಲಿದ್ದ ಮಾನಸಿಕ ರೋಗಿಗಳನ್ನು ಸರಪಳಿಯಿಂದ ಕಟ್ಟಿದ್ದರು. ಓಡಿಹೋಗಲು ಆಗದೆ 28 ಮಂದಿ ಸತ್ತುಹೋದರು. ಅವರನ್ನು ಅಲ್ಲಿ ಬಿಟ್ಟುಹೋದವರೂ ವಾಸಿಯಾಗಲಿ ಅನ್ನುವ ಆಸೆಯಿಂದಲೇ ಬಿಟ್ಟಿದ್ದ ಮನೆಯವರು. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಾನಸಿಕ ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದು ನಿಷಿದ್ಧ.

ಕಾಯಿಲೆ ಇದ್ದವರು ದೇವರಿಗೆ ಹತ್ತಿರವಾಗಬಹುದೇ?

ಪ್ರಾರ್ಥನೆ ಮಾಡಲು ಆಗ್ತಾ ಇಲ್ಲ, ಬಲಿಪೂಜೆಯಲ್ಲಿ ಕೂತರೂ ಮನಸ್ಸು ಕಲ್ಲಿನ ಹಾಗಿದೆ, ಹಾಗಾಗಿ ನನ್ನ ವಿಶ್ವಾಸ ಸತ್ತಿದೆ ಅಂತ ಎಷ್ಟೋ ತಾಯಂದಿರು ಕೊರಗುತ್ತಾರೆ. ಅವರಿಗೆ ನಾವು ಪ್ರವಾದಿ ಎಲೀಯನ ಕಥೆ ಹೇಳಬೇಕು. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಅದು ಇದೆ. ಅಷ್ಟು ದೊಡ್ಡ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿದ. ಹಾಗೇ ನಿದ್ದೆಹೋದ. ದೇವದೂತ ಬಂದು ಅವನನ್ನು ಗದರಿಸಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಅಂತ ಕೇಳಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಎರಡನೇ ಸಲವೂ ಎಬ್ಬಿಸಿ ಊಟ ಕೊಟ್ಟ. ದಾರಿ ದೂರ ಇದೆ, ನಿನಗೆ ಶಕ್ತಿ ಬೇಕು ಅಂದ. ದೇವರು ಎಲೀಯನ ಜೊತೆ ಮಾತಾಡಿದ್ದು ಆಮೇಲೆ. ಮೊದಲು ನಿದ್ದೆ, ಊಟ, ಜೊತೆಗೊಬ್ಬರು. ಉಪದೇಶ ಆಮೇಲೆ ಬರಲಿ.

ಇನ್ನೊಂದು ಮನೆಯ ವಿಷಯ ಹೇಳುತ್ತೇವೆ. ಬಾಲಯೇಸುವಿನ ಸಂತ ತೆರೇಸಾ ನಮಗೆಲ್ಲ ಗೊತ್ತು. ಅವರ ತಂದೆ ಲೂಯಿ ಮಾರ್ಟಿನ್ ಫ್ರಾನ್ಸಿನಲ್ಲಿ ಗಡಿಯಾರ ಮಾಡುತ್ತಿದ್ದ ಗೃಹಸ್ಥ. ಹೆಂಡತಿ ಜೆಲಿ 1877ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಐದು ಹೆಣ್ಣುಮಕ್ಕಳನ್ನು ಅವರೇ ಬೆಳೆಸಿದರು. ವಯಸ್ಸಾದ ಮೇಲೆ ಮಿದುಳಿನ ಕಾಯಿಲೆಯಿಂದ ನೆನಪು ಕೆಟ್ಟಿತು, ಭ್ರಮೆಗಳು ಶುರುವಾದವು, ಒಮ್ಮೆ ಮನೆಬಿಟ್ಟು ಹೊರಟುಹೋದರು. 1889ರಲ್ಲಿ ಅವರನ್ನು ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದರು. ಮಕ್ಕಳು ಒಬ್ಬರ ಹಿಂದೊಬ್ಬರು ಮಠ ಸೇರಿದ್ದರಿಂದಲೇ ತಂದೆಗೆ ಹೀಗಾಯಿತು ಅಂತ ಊರಿನ ಜನ ಆಡಿಕೊಂಡರು. ಆ ಮಾತು ಮಠದೊಳಗಿದ್ದ ಮಕ್ಕಳನ್ನೂ ಮುಟ್ಟಿತು. ನೋಡಿ, ಅಲ್ಲೂ ಜನ ಹುಡುಕಿದ್ದು "ಯಾರ ತಪ್ಪು" ಅಂತಲೇ.

1894ರಲ್ಲಿ ಲೂಯಿ ತೀರಿಕೊಂಡರು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಲೂಯಿ ಮತ್ತು ಜೆಲಿ ದಂಪತಿಗಳನ್ನು ಜೊತೆಯಾಗಿ ಸಂತರೆಂದು ಘೋಷಿಸಿದರು. ಮಾನಸಿಕ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದವರು ಇವತ್ತು ಪೀಠದ ಮೇಲೆ ಗೌರವಕ್ಕೆ ಪಾತ್ರರು. ಆಧ್ಯಾತ್ಮಿಕ ಬೆಳವಣಿಗೆಗೂ ಮಾನಸಿಕ ಕಾಯಿಲೆಗೂ ವೈರ ಇಲ್ಲ ಅನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ದೇವರ ಪ್ರೀತಿಯಲ್ಲಿ ಬೆಳೆಯುವುದು ಅಂದರೆ ಸದಾ ಸಂತೋಷವಾಗಿರುವುದಲ್ಲ, ಧ್ಯಾನಕೂಟದಲ್ಲಿ ಕಣ್ಣೀರು ಬರುವುದೂ ಅಲ್ಲ. ಕುಗ್ಗಿದ ಮನಸ್ಸಿನಲ್ಲೇ ಎದ್ದು ಮಗುವಿಗೆ ಗಂಜಿ ಕಾಯಿಸುವ ತಾಯಿ, ಇಷ್ಟವಿಲ್ಲದಿದ್ದರೂ ಮಾತ್ರೆ ನುಂಗುವ ತಾಯಿ, "ನನಗೆ ಸಹಾಯ ಬೇಕು" ಅಂತ ಬಾಯಿಬಿಟ್ಟು ಕೇಳುವ ತಾಯಿ, ಇವರು ಬೆಳೆಯುತ್ತಿದ್ದಾರೆ. ಜಪಮಾಲೆಯ ಐದು ದಶಕ ಹೇಳಲು ಆಗದಿದ್ದರೆ ಮಣಿಯನ್ನು ಕೈಯಲ್ಲಿ ಹಿಡಿದುಕೊಂಡರೂ ಸಾಕು. ಉಳಿದದ್ದನ್ನು ನಾವು ಅವಳ ಪರವಾಗಿ ಹೇಳೋಣ. ಹಾಗಂತ ಕಾಯಿಲೆಯೇ ಪುಣ್ಯ, ಅನುಭವಿಸಲಿ ಬಿಡಿ ಅಂತಲೂ ಹೇಳಬಾರದು. ಯೇಸು ನೋವನ್ನು ಕಂಡಾಗಲೆಲ್ಲ ಅದನ್ನು ಗುಣಪಡಿಸಲು ಕೈಚಾಚಿದರು.

ಪ್ರಾರ್ಥನೆಯೋ ಮಾತ್ರೆಯೋ?

ಎರಡೂ ಬೇಕು. ನಮ್ಮ ಬೈಬಲ್ಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯವು ವೈದ್ಯರನ್ನು ಗೌರವಿಸಬೇಕೆಂದೂ, ಮದ್ದನ್ನು ಮಣ್ಣಿನಿಂದ ಹುಟ್ಟಿಸಿದ್ದು ದೇವರೇ ಎಂದೂ ಕಲಿಸುತ್ತದೆ. ಕಾಯಿಲೆ ಬಂದಾಗ ದೇವರನ್ನು ಪ್ರಾರ್ಥಿಸು, ವೈದ್ಯರಿಗೂ ಜಾಗ ಕೊಡು ಅನ್ನುವುದು ಅದರ ಸಾರ. ಗುರುಗಳ ಬಳಿ ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಕೇಳಿ ಪಡೆಯಬಹುದು. ಅದು ಸಾಯುವ ಗಳಿಗೆಗೆ ಮಾತ್ರ ಮೀಸಲಲ್ಲ. ಆದರೆ "ಪ್ರಾರ್ಥನೆ ಆಯ್ತು, ಇನ್ನು ಮಾತ್ರೆ ಬಿಡು" ಅಂತ ಯಾರೂ ಹೇಳಬಾರದು. ಹಾಗೆ ಹೇಳುವ ಅಧಿಕಾರ ವೈದ್ಯರಿಗೆ ಮಾತ್ರ.

ಮಾತ್ರೆಯ ಬಗ್ಗೆ ನಾಲ್ಕು ವಿಷಯ ನೆನಪಿಡಿ. ಒಂದು, ಖಿನ್ನತೆಯ ಮಾತ್ರೆ ಕೆಲಸ ಮಾಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಮೂರು ದಿನ ತಿಂದು "ಏನೂ ಆಗಲಿಲ್ಲ" ಅಂತ ಬಿಡಬೇಡಿ. ಎರಡು, ವಾಸಿಯಾಯಿತು ಅನಿಸಿದ ಮೇಲೂ ವೈದ್ಯರು ಹೇಳಿದಷ್ಟು ತಿಂಗಳು ಮುಂದುವರಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಮೂರು, ಖಿನ್ನತೆಯ ಮಾತ್ರೆಗಳು ಹೆಂಡದ ಹಾಗೆ ಚಟ ಹಿಡಿಸುವುದಿಲ್ಲ. ಕೆಲವು ನಿದ್ದೆಮಾತ್ರೆಗಳು ಅಭ್ಯಾಸವಾಗಬಹುದು, ಅಂಗಡಿಯಲ್ಲಿ ನೀವೇ ಕೇಳಿ ತಗೊಳ್ಳಬೇಡಿ. ನಾಲ್ಕು, ಬಸುರಿ ಆಗಿದ್ದರೆ, ಹಾಲುಣಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಎಲ್ಲಿಗೆ ಹೋಗಬೇಕು? ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿ ಚಿಕಿತ್ಸೆ ಸಿಗುತ್ತದೆ. ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಕೆಲಸ ಅನ್ನುವುದು ನಮಗೆ ಹೆಮ್ಮೆ. ನಿಮ್ಮ ತಾಲ್ಲೂಕಿಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಫೋನಿನಲ್ಲಿ ಮಾತಾಡಲು ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ ಮಾನಸ್ ಇದೆ. ನಂಬರ್ 14416. ಹಗಲು ರಾತ್ರಿ, ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಉಳಿತಾಯದ ಪಾಸ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳಿ.

ಸಾಯುವ ಮಾತು ಬಂದಾಗ

ಈ ಮಾತು ಕಷ್ಟದ್ದು. ಆದರೂ ಆಡಲೇಬೇಕು. ಜೀವ ದೇವರ ದಾನ, ಅದನ್ನು ಕಳೆಯುವ ಹಕ್ಕು ನಮಗಿಲ್ಲ ಎಂದು ಧರ್ಮಸಭೆ ಕಲಿಸುತ್ತದೆ. ಅದೇ ಧರ್ಮಸಭೆ ಇನ್ನೊಂದು ಮಾತನ್ನೂ ಕಲಿಸುತ್ತದೆ: ತೀವ್ರ ಮಾನಸಿಕ ಬಾಧೆ, ಸಂಕಟ, ಭಯ ಇವು ಆ ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡುತ್ತವೆ. ಅವರ ರಕ್ಷಣೆಯ ಬಗ್ಗೆ ನಿರಾಶೆ ಪಡಬಾರದು, ಅವರಿಗಾಗಿ ಪ್ರಾರ್ಥಿಸಬೇಕು. 1917ರ ಧರ್ಮಸಭೆಯ ಕಾನೂನು ಬೇಕೆಂದೇ ಆತ್ಮಹತ್ಯೆ ಮಾಡಿಕೊಂಡವರಿಗೆ ಧಾರ್ಮಿಕ ಅಂತ್ಯಸಂಸ್ಕಾರವನ್ನು ನಿರಾಕರಿಸುತ್ತಿತ್ತು. 1983ರ ಕಾನೂನಿನಲ್ಲಿ ಅವರನ್ನು ಆ ಪಟ್ಟಿಯಿಂದ ಬಿಡಲಾಗಿದೆ. ಆದ್ದರಿಂದ ಮಗಳನ್ನು ಕಳೆದುಕೊಂಡ ತಾಯಿಯ ಮುಂದೆ "ಅವಳು ನರಕಕ್ಕೆ ಹೋದಳು" ಅಂತ ಯಾರೂ ಬಾಯಿಬಿಡಬಾರದು. ಆ ತೀರ್ಪು ನಮ್ಮದಲ್ಲ.

ದೇಶದ ಕಾನೂನೂ ಬದಲಾಗಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಕಾಯ್ದೆ ಭಾವಿಸುತ್ತದೆ. ಅವರಿಗೆ ಶಿಕ್ಷೆ ಕೊಡುವ ಬದಲು ಆರೈಕೆ ಕೊಡುವುದು ಸರಕಾರದ ಕರ್ತವ್ಯ ಅನ್ನುತ್ತದೆ. ಹಾಗಾಗಿ ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ.

"ನಾನು ಇದ್ದು ಏನು ಪ್ರಯೋಜನ", "ನನ್ನ ಮಕ್ಕಳನ್ನು ನೋಡ್ಕೊಳ್ಳಿ" ಅಂತ ಯಾರಾದರೂ ಅಂದರೆ ತಮಾಷೆ ಮಾಡಬೇಡಿ. "ಅಕ್ಕಾ, ಸಾಯಬೇಕು ಅನ್ನಿಸ್ತಾ ಇದೆಯಾ?" ಅಂತ ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದದ್ದು ಹೊರಬರುತ್ತದೆ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿ, ಇಲಿಪಾಷಾಣ, ಮಾತ್ರೆಯ ಚೀಟಿ ಇವನ್ನು ಮನೆಯಿಂದ ದೂರ ಇಡಿ, ಇಲ್ಲವೇ ಬೀಗ ಹಾಕಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮ ಸಂಘ ಏನು ಮಾಡಬಹುದು?

ಸಹೋದರಿಯರೇ, ನಮ್ಮ ಹೆಚ್ಚಿನ ಸಂಘಗಳಲ್ಲಿ ಸಭೆಗೆ ಬಾರದವರಿಗೆ ದಂಡ ಹಾಕುವ ನಿಯಮ ಇದೆ. ಶಿಸ್ತಿಗೆ ಅದು ಬೇಕು. ಆದರೆ ಯಾವತ್ತೂ ತಪ್ಪಿಸದವಳು ಮೂರು ವಾರ ಬರಲಿಲ್ಲ ಅಂದರೆ ದಂಡ ಬರೆಯುವ ಮೊದಲು ಇಬ್ಬರು ಅವಳ ಮನೆಗೆ ಹೋಗಿ ಬರಬೇಕು. ಕಂತು ವಸೂಲಿಗೆ ಅಲ್ಲ, ಯೋಗಕ್ಷೇಮ ವಿಚಾರಿಸಲು. ಇದನ್ನು ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ಚಿಕಿತ್ಸೆಗೆ ಹೋಗುವವಳ ಜೊತೆ ಒಬ್ಬರು ಹೋಗಿ. ಬಸ್ಸಿನ ಖರ್ಚಿಗೆ, ಮಾತ್ರೆಗೆ ತುರ್ತು ಸಾಲ ಕೊಡಲು ಹಿಂಜರಿಯಬೇಡಿ. ಕಂತಿಗೆ ಕಾಲಾವಕಾಶ ಕೊಡುವ ಬಗ್ಗೆ ಸಭೆಯಲ್ಲಿ ತೀರ್ಮಾನಿಸಿ. ವಾಸಿಯಾಗಿ ಬಂದವಳಿಗೆ ಮೊದಲಿನ ಜಾಗವನ್ನೇ ಕೊಡಿ. ಲೆಕ್ಕ ಬರೆಯುತ್ತಿದ್ದವಳಾದರೆ ಅದೇ ಪುಸ್ತಕವನ್ನು ಅವಳ ಕೈಗೆ ಕೊಡಿ. ಕೇಳಿದ ಗುಟ್ಟನ್ನು ಸಂಘದ ಹೊರಗೆ ಒಯ್ಯಬೇಡಿ. ಕಾಯಿಲೆ ಬಹಳ ಕಾಲದ್ದಾಗಿದ್ದರೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಲು ನೆರವಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಮತ್ತೆ, ರೋಗಿಯನ್ನು ನೋಡಿಕೊಳ್ಳುವ ತಾಯಿ, ಅತ್ತೆ, ಸೊಸೆಯನ್ನೂ ಮರೆಯಬೇಡಿ. ವಾರಕ್ಕೆ ಎರಡು ಗಂಟೆ ನೀವು ಅಲ್ಲಿ ಕೂತರೆ ಅವರು ಸಂತೆಗೋ ದೇವಾಲಯಕ್ಕೋ ಹೋಗಿಬರಬಹುದು.

ಮಾನಸಿಕ ಕಾಯಿಲೆಯವರು ಯಾವ ಸ್ಥಿತಿಯಲ್ಲಿದ್ದರೂ ದೇವರ ಪ್ರತಿರೂಪವನ್ನು ಹೊತ್ತವರೇ ಎಂದು 1996ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಬೋಧಿಸಿದರು. ಆ ಮಾತು ನಮ್ಮ ಸಂಘದ ಚಾಪೆಯ ಮೇಲೆ ನಿಜವಾಗಬೇಕು. ಸಾಲ ಉಳಿತಾಯದಲ್ಲಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುತ್ತೇವಲ್ಲ, ಹಾಗೆಯೇ ಮನಸ್ಸು ಸೋತವಳಿಗೂ ಜಾಮೀನು ನಿಲ್ಲೋಣ. ದೇವರು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ಆಶೀರ್ವದಿಸಲಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಮಾನಸಿಕ ಕಾಯಿಲೆಯವರ ಬಗ್ಗೆ ಯಾವ ಮಾತುಗಳನ್ನು ಆಡುತ್ತಾರೆ? ಅವುಗಳಲ್ಲಿ ನಾವು ಇವತ್ತಿನಿಂದ ಆಡಬಾರದ ಮಾತು ಯಾವುದು?
2. ಪಶ್ಚಾತ್ತಾಪಕ್ಕೂ ಕಾಯಿಲೆಯ ಅಪರಾಧಭಾವಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಹೇಳಿ.
3. ನಮ್ಮ ತಾಲ್ಲೂಕಿನಲ್ಲಿ ಮನೋವೈದ್ಯರು ಸಿಗುವ ದಿನ ಯಾವುದು? ಮುಂದಿನ ಸಭೆಯೊಳಗೆ ವಿಚಾರಿಸಿ ಬರುವ ಇಬ್ಬರು ಯಾರು?
4. ಬಹಳ ದಿನದಿಂದ ಸಭೆಗೆ ಬಾರದ ಸದಸ್ಯೆ ಇದ್ದಾರೆಯೇ? ಈ ವಾರ ಅವರ ಮನೆಗೆ ಹೋಗುವವರು ಯಾರು?